ಬೆಂಡೆಕಾಯಿಯ ಎಡೆ

ಮಂಜುಶ್ರೀ ಅತ್ತೆ-ಮಾವನ ಎಡೆಗಳ ಬದಿಗೆ ಇನ್ನೊಂದು ಬಾಳೆಲೆ ಹಾಸಿದಾಗ, ಪಕ್ಕದ ಮನೆಯ ಲೊರೆಟ್ಟಾ ಆಂಟಿ ಮೊಬೈಲಿನಿಂದ ತಲೆಯೆತ್ತಿ, "ಇದು ಯಾರಿಗಮ್ಮ?" ಎಂದರು.

"ನಿಮ್ಮಜ್ಜಿಯ ಅಜ್ಜಿಗೆ. ಇವತ್ತು ಪಿತೃಪಕ್ಷದ ಅಮಾವಾಸ್ಯೆ, ತೀರಿಕೊಂಡ ಹಿರಿಯರು ಊಟಕ್ಕೆ ಬರೋ ದಿನ. ನಮ್ಮತ್ತೆಗೂ ಮಾತಾಡೋಕೆ ಹೊಸ ಕಿವಿ ಸಿಗುತ್ತೆ."

ಆಂಟಿ ನಗಲಿಲ್ಲ. ಆ ಅಜ್ಜಿಯ ಹೆಸರಿಗಾಗಿ ಅವರು ವರ್ಷಗಟ್ಟಲೆ ಅಲಬಾಮಾದ ಹಳೆಯ ದಾಖಲೆಗಳನ್ನು ತಾವಿಬ್ಬರೂ ಇದ್ದ ಈ ಸ್ಯಾನ್ ಡಿಯೇಗೊಗೆ ತರಿಸಿ ಜಾಲಾಡಿದ್ದರು. ಅಲಬಾಮಾ ಕಚೇರಿಯ ಗುಮಾಸ್ತನ ರಾಗವನ್ನೇ ಅಣಕಿಸುತ್ತ, "'ಗುಲಾಮರ ಹೆಸರು ಬರೀತಿರ್ಲಿಲ್ಲ ಮೇಡಂ. ಹೆಂಗಸು, ವಯಸ್ಸು ಮೂವತ್ತು, ಅಷ್ಟೇ.' ಹೆಸರೇ ಗೊತ್ತಿಲ್ಲದೆ ಹೇಗೆ ಕರೀತೀಯ?" ಎಂದರು.

"ಎಡೆಗೆ ಹೆಸರು ಬೇಡ ಆಂಟಿ. ಅವರಿಗೆ ಇಷ್ಟವಾಗಿದ್ದು ಬಡಿಸಿದ್ರೆ ಸಾಕು."

ಆಂಟಿ ಕನಸಿನಲ್ಲಿದ್ದವರಂತೆ ಕಣ್ಣು ಮುಚ್ಚಿದರು. "ಬೆಂಡೆಕಾಯಿ. ಗರಿಗರಿಯಾಗಿ ಹುರಿದದ್ದು. ಹುರಿಯುವಾಗಲೆಲ್ಲ ನಮ್ಮಜ್ಜಿ, ತನ್ನಜ್ಜಿಗೆ ಇದಂದ್ರೆ ಪ್ರಾಣ ಅಂತಿದ್ರು."

ಆಂಟಿಯೇ ಹುರಿದು ಬಡಿಸಿದರು. ಹಿರಿಯರು ಉಣ್ಣುವಾಗ ನೋಡಬಾರದೆಂದು ಇಬ್ಬರೂ ಬಾಗಿಲು ಮುಚ್ಚಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತರು. ಅಂಗಳದ ಬಿಸಿಲೂ ತೂಕಡಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಮಂಜುಶ್ರೀ ಬಾಗಿಲು ತೆರೆಯಲು ಎದ್ದಳು. ಆಂಟಿ ಅವಳ ಸೆರಗು ಹಿಡಿದರು.

"ಇರಮ್ಮ, ನಿಧಾನವಾಗಿ ಉಣ್ಣಲಿ. ಅವಳನ್ನ ಕೂರಿಸಿ ಬಡಿಸಿದೋರು ಯಾರಿದ್ರು?"