ಆಗಿಬರುವ ಬಣ್ಣ

ಚೆಲುವರಾಜುವಿನ ಹಳೆಯ ಬಿಳಿ ಕಾರು ವಾರಕ್ಕೊಮ್ಮೆಯಾದರೂ ನಡುದಾರಿಯಲ್ಲಿ ಕೈಕೊಡುತ್ತಿತ್ತು. ಜೋಯಿಸರು ಜಾತಕ ನೋಡಿ, "ನಿಮ್ಮ ನಕ್ಷತ್ರಕ್ಕೆ ಬಿಳಿ ಆಗಿಬರಲ್ಲ, ಹಳದಿ ಮಾಡಿ" ಎಂದಿದ್ದರು. ಹಳೇ ಬಣ್ಣ ಒಂದು ಚೂರೂ ಉಳಿಯಬಾರದಂತೆ.

ಪೇಂಟ್ ರಿಮೂವರ್ ಹಚ್ಚೋಣವೆಂದರೆ ಅದು ಫೈಬರ್ ಬಾಡಿ. ಬಣ್ಣದ ಜೊತೆ ಬಾಡಿಯನ್ನೂ ತಿಂದುಬಿಡುತ್ತದೆ. ಹಾಗಾಗಿ ಅವನು ಬೆಳಗಿನಿಂದ ಮನೆಮುಂದೆ ಕೂತು ಎಮರಿ ಪೇಪರಿನಲ್ಲಿ ಉಜ್ಜುತ್ತಲೇ ಇದ್ದ. ಬೆರಳ ತುದಿ ಸವೆದು ಉರಿಯುತ್ತಿತ್ತು, ಮೈಯೆಲ್ಲ ತುರಿಕೆ, ಮೂಗಿನ ತುಂಬ ಬಿಳಿ ಧೂಳು.

"ಮೆಕ್ಯಾನಿಕ್‌ಗೆ ತೋರಿಸ್ರೀ ಅಂದ್ರೆ ಕೇಳಲ್ಲ," ಹೆಂಡತಿ ಹೊಸ್ತಿಲಿಂದಲೇ ಗೊಣಗಿದಳು.

"ನೀನು ಸುಮ್ನಿರೇ!"

ಆ ಸಿಟ್ಟನ್ನೆಲ್ಲ ಬಾನೆಟ್ಟಿನ ಮೇಲೆ ತೀರಿಸಿಕೊಂಡ. ಬಿಳಿ ಬಣ್ಣದ ಅಡಿಯಿಂದ ಅಚ್ಚ ಹಳದಿ ಹಲ್ಲು ಕಿರಿಯಿತು.

ಅಷ್ಟರಲ್ಲಿ, ಈ ಕಾರನ್ನು ಅವನಿಗೆ ಮಾರಿದ್ದ ಎದುರುಮನೆಯ ಪುಟ್ಟಸ್ವಾಮಯ್ಯ ಗೇಟಿನ ಬಳಿ ಬಂದು ನಿಂತರು. ಚೆಲುವರಾಜು ಪೇಪರನ್ನು ನೆಲಕ್ಕೆ ಬಿಸಾಡಿದ.

"ಏನ್ ಸ್ವಾಮಿ ನೀವು! ಒಳಗೆ ಹಳದಿನೇ ಇತ್ತಲ್ಲ, ಅದರ ಮೇಲೆ ಬಿಳಿ ಯಾಕ್ ಬಳಿಸಿದ್ರಿ? ನನಗೆ ಜೋಯಿಸರು ಹೇಳಿರೋದೂ ಹಳದಿನೇ!"

"ಯಾವ ಜೋಯಿಸರು? ದೇವಸ್ಥಾನದ ಪಕ್ಕದ ಮನೆಯವರಾ?"

"ಹೂಂ, ಅವರೇ."

ಪುಟ್ಟಸ್ವಾಮಯ್ಯ ಬಾನೆಟ್ಟಿನ ಮೇಲೆ ಮೆಲ್ಲಗೆ ಕೈಯಾಡಿಸಿದರು.

"ಹಳದಿ ಇದ್ದಾಗ ಇದು ಅವರದೇ ಕಾರು ಕಣಪ್ಪ. ದಿನಾ ತಳ್ಳಿ ತಳ್ಳಿ ಸಾಕಾಗಿ ನನಗೆ ಮಾರಿದ್ರು."