ಹಗಲು ಪಿಂಡ

"ಇವತ್ತೇ ಬರಬೇಕಿತ್ತಾ ನೀನು?" ಬೌದ್ಧ ವಿಹಾರದ ಬಾಗಿಲಲ್ಲೇ ವಿಬೋಲ್ ಅಡ್ಡ ನಿಂತ. ಅನಾಥಾಲಯ ನಡೆಸುವ ಆತನ ಬಿಳಿ ಅಂಗಿ ಆಗಲೇ ಬೆನ್ನಿಗಂಟಿತ್ತು.

ಫಲ್ಲಾ ಬಾಳೆಲೆ ಕಡುಬಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಪಿತೃಗಳ ಹಬ್ಬ ಅಲ್ವಾ ಅಣ್ಣಾ, ಮಗಳನ್ನ ಕರ್ಕೊಂಡು ಹೋಗೋಣ ಅಂತ ಬಂದೆ. ಈ ಸಲ ಹೋದ್ರೆ ವಾಪಸ್ ಕಳ್ಸಲ್ಲ. ಬಟ್ಟಂಬಾಂಗ್ ಪಟ್ಟಣದಲ್ಲಿ ಶಾವಿಗೆ ಅಂಗಡೀಲಿ ಕೆಲಸ ಸಿಕ್ಕಿದೆ, ಮೇಲೊಂದು ಕೋಣೆನೂ ಕೊಟ್ಟಿದಾರೆ. ಇಬ್ಬರ ಹೊಟ್ಟೆಗೆ ಈಗ ಮೋಸ ಇಲ್ಲ."

"ಕರ್ಕೊಂಡು ಹೋಗು, ಯಾರು ಬೇಡ ಅಂದ್ರು? ಕಾರ್ಯಕ್ರಮ ಒಂದು ಮುಗೀಲಿ. ಪರದೇಶದ ಶಾಲೆ ಮಕ್ಕಳು ಬಂದಿದಾವೆ. ನಮ್ಮ ಅನಾಥ ಮಕ್ಕಳಿಗೆ ಅಂತ ಕೇಕ್ ಮಾರಿ, ಕಾರು ತೊಳೆದು ದುಡ್ಡು ಕೂಡಿಸಿದಾವೆ ಪಾಪ. ಅವುಗಳ ಎದುರಿಗೆ ನೀನು ಹೋಗಿ ಅಮ್ಮ ಅಂತ ನಿಂತ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ? ಅಗೋ, ಕಸ ಗುಡಿಸೋರ ಪಕ್ಕ ನಿಂತ್ಕೋ. ಯಾರಾದ್ರೂ ಕೇಳಿದ್ರೆ ಚಿಕ್ಕಮ್ಮ ಅನ್ನು."

ಅದು ಹೊಸ ಮಾತೇನಲ್ಲ. ಗಂಡ ಗಡಿ ದಾಟಿ ಕೂಲಿಗೆ ಹೋದವನು ಸುದ್ದಿಯಿಲ್ಲದಾದಾಗ ಮಗಳು ಕುಂಥಿಯಾಳನ್ನು ತಂದು ಬಿಟ್ಟ ದಿನವೇ ವಿಬೋಲ್ ಹೇಳಿದ್ದ: ತಾಯಿ ಇದ್ದವರಿಗೆ ಇಲ್ಲಿ ಜಾಗವಿಲ್ಲ, ಚಿಕ್ಕಮ್ಮ ಇದ್ದವರಿಗೆ ಇದೆ. ಎರಡು ವರ್ಷ ಚಿಕ್ಕಮ್ಮನಾಗಿದ್ದವಳಿಗೆ ಇನ್ನೊಂದು ಗಳಿಗೆ ದೊಡ್ಡದೇ? ಫಲ್ಲಾ ಹೋಗಿ ಮರದ ಕೆಳಗೆ ನಿಂತಳು.

ಅಲ್ಲಿ ಪೊರಕೆ ಹಿಡಿದಿದ್ದ ಸನ್ಯಾಸಿನಿ ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು, ವಿಹಾರದ ಮುಂದೆ ಸಾಲಾಗಿ ನಿಂತ ಮಕ್ಕಳತ್ತ ಗಲ್ಲ ಎತ್ತಿ ತೋರಿಸಿದಳು. ಕುಂಥಿಯಾಳ ಕೈ ಹಿಡಿದು ನಿಂತಿದ್ದ ಪರದೇಶದ ಹುಡುಗಿಯ ತಲೆ ನುಣ್ಣಗೆ ಬೋಳಿಸಿತ್ತು. "ಪಾಪ, ಆ ಮಗೂಗೆ ಯಾರು ಸತ್ರೋ?"

"ಯಾರೂ ಸತ್ತಿಲ್ಲ ಅಜ್ಜಿ," ಅಂದಳು ಪಕ್ಕದಲ್ಲಿ ಗುಡಿಸುತ್ತಿದ್ದ ಇನ್ನೊಬ್ಬ ಹೆಂಗಸು. "ಅವರೂರಲ್ಲಿ ತಲೆ ಬೋಳಿಸ್ಕೊಂಡ್ರೆ ಜನ ದುಡ್ಡು ಕೊಡ್ತಾರಂತೆ. ನಮ್ಮ ಮಕ್ಕಳ ಅಪ್ಪ ಅಮ್ಮ ಸತ್ತಿದಾರಲ್ಲ, ಅದಕ್ಕೆ."

"ನಮ್ಮ ಹೆಣಕ್ಕೆ ಅವರು ಬೋಳಿಸ್ಕೊಳ್ಳೋದಾ. ಒಳ್ಳೆ ಕಾಲ ಬಂತು." ಅಜ್ಜಿ ಮತ್ತೆ ಗುಡಿಸತೊಡಗಿದಳು. "ಅದಿರಲಿ, ನೆತ್ತಿ ಮೇಲೆ ಬಿಸಿಲು ಬಂದ ಮೇಲೆ ಪಿಂಡ ಎಸೀತಾರಲ್ಲ, ಯಾವ ಪ್ರೇತ ಬರತ್ತೆ? ನಾಯಿಗಳು ಬರ್ತವೆ ಅಷ್ಟೆ."

ಆ ಮಾತು ಫಲ್ಲಾಳ ಎದೆಗೆ ತಂಪೆನಿಸಿತು. ಸತ್ತವರಿಗೆ ಅನ್ನದುಂಡೆ ಎಸೆಯುವುದು ಬೆಳಕು ಹರಿಯುವ ಮೊದಲು. ಪ್ರೇತಗಳಿಗೆ ಬೆಳಕು ಆಗದು. ಕತ್ತಲಲ್ಲಿ ಪರದೇಶದವರ ಕ್ಯಾಮೆರಾಗೆ ಏನೂ ಕಾಣುವುದಿಲ್ಲವೆಂದು ವಿಬೋಲ್ ಅದನ್ನೇ ಹಗಲಲ್ಲಿ ಇನ್ನೊಮ್ಮೆ ಇಟ್ಟುಕೊಂಡಿದ್ದ. ಹಾಗಾದರೆ ಇದು ಬರೀ ಆಟ. ಆಟದಲ್ಲಿ ಯಾರ ಹೆಸರು ಕರೆದರೂ ಯಾರಿಗೂ ಏನೂ ಆಗುವುದಿಲ್ಲ.

ಮಕ್ಕಳು ಒಬ್ಬೊಬ್ಬರೇ ಮುಂದೆ ಬಂದು, ಸತ್ತವರ ಹೆಸರು ಕೂಗಿ, ಎಳ್ಳು ಕಲಸಿದ ಅನ್ನದುಂಡೆ ಎಸೆದರು. ಕುಂಥಿಯಾಳ ಸರದಿ ಬಂತು. ಅವಳು ಉಂಡೆ ಹಿಡಿದು ನಿಂತೇ ಇದ್ದಳು. ಕಣ್ಣು ಅತ್ತಿತ್ತ ಅಲೆದು ಮರದ ಕೆಳಗೆ ಬಂದು ನಿಂತಿತು.

"ಹೇಳಮ್ಮ, ನಿನ್ನ ಅಮ್ಮನ ಹೆಸರು," ಅಂದ ವಿಬೋಲ್, ಜೇನು ಸವರಿದ ದನಿಯಲ್ಲಿ. ಬೋಳುತಲೆಯ ಹುಡುಗಿ ಕುಂಥಿಯಾಳ ಹೆಗಲು ಬಳಸಿ ಹಿಡಿದಳು.

ಮಗಳು ತನ್ನನ್ನೇ ನೋಡುತ್ತಿದ್ದಾಳೆ, ಅಪ್ಪಣೆ ಕೇಳುತ್ತಿದ್ದಾಳೆ ಎಂದು ಫಲ್ಲಾಳಿಗೆ ಗೊತ್ತಾಯಿತು. ಬೇಗ ಮುಗಿದರೆ ಸಂಜೆಯ ಬಸ್ಸು ಸಿಗುತ್ತದೆ. ಅವಳು ತಲೆಯಾಡಿಸಿದಳು. ಹೇಳು.

"ಫಲ್ಲಾ," ಎಂದು ಕೂಗಿ ಕುಂಥಿಯಾ ಉಂಡೆ ಎಸೆದಳು. ಅದು ಮರದ ಬುಡಕ್ಕೆ ಬಂದು ಬಿತ್ತು. ಪರದೇಶದ ಹುಡುಗಿ ಅವಳನ್ನು ತಬ್ಬಿಕೊಂಡು ಅತ್ತಳು. ನಾಟಕದ ಅಳುವಲ್ಲ, ಮೂಗು ಸೋರುವಂಥ ಅಳು.

ಕಾರ್ಯಕ್ರಮ ಮುಗಿದದ್ದೇ ವಿಬೋಲ್ ನಗುತ್ತ ಬಂದ. "ನಿನ್ನ ಮಗಳ ನಸೀಬು ನೋಡು. ಓದು ಮುಗಿಯೋವರೆಗೂ ಇವಳ ಖರ್ಚೆಲ್ಲ ಆ ಶಾಲೆ ಮಕ್ಕಳೇ ನೋಡ್ಕೊಳ್ತವಂತೆ, ಈಗ ತಾನೇ ಹೇಳಿದ್ರು."

"ನಾನು ಕರ್ಕೊಂಡು ಹೋಗ್ತೀನಿ ಅಂದಿದ್ನಲ್ಲ ಅಣ್ಣಾ."

"ಈಗ ತಾನೇ ಪಿಂಡ ಹಾಕಿಸ್ಕೊಂಡೋಳು ನೀನು. ಅವರಿಗೆ ಏನಂತ ಹೇಳ್ಲಿ, ಉಂಡು ಎದ್ದು ಬಂದ್ಲು ಅನ್ಲಾ? ಬೇಕಾದ್ರೆ ಅವಳನ್ನೇ ಕೇಳು."

ಕುಂಥಿಯಾ ಆ ಹುಡುಗಿಯ ಕೈ ಬಿಡದೆಯೇ ಬಂದಳು. ಬಿಡಿಸಿಕೊಂಡು ಕೈ ಮುಗಿದಳು. "ಚೆನ್ನಾಗಿದೀರಾ ಚಿಕ್ಕಮ್ಮ?" ದನಿ ಎಲ್ಲೂ ತಡವರಿಸಲಿಲ್ಲ.

ಫಲ್ಲಾ ಚೀಲ ಕೊಟ್ಟಳು. ಪರದೇಶದವಳಿಗೆ ತಮ್ಮ ಭಾಷೆ ತಿಳಿಯದೆಂದು ಗೊತ್ತಿದ್ದೂ ಪಿಸುಗುಟ್ಟಿದಳು. "ಮನೆಗೆ ಬರ್ತೀಯಾ ಪುಟ್ಟಾ? ಕೋಣೆಗೆ ಕಿಟಕಿನೂ ಇದೆ."

ಕುಂಥಿಯಾ ಪಕ್ಕದವಳ ಬೋಳುತಲೆಯನ್ನು ಒಮ್ಮೆ ನೋಡಿದಳು. ಬಿಸಿಲಿಗೆ ಅದು ಕೆಂಪಾಗಿತ್ತು. "ನಾನು ಬಂದ್ಬಿಟ್ರೆ ಇವಳ ಕೂದಲು ದಂಡ ಆಗಲ್ವಾ ಚಿಕ್ಕಮ್ಮ?"

ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಅನಾಥಾಲಯದ ವ್ಯಾನು ಹೊರಟು ಹೋಯಿತು. ಕಾದಿದ್ದ ನಾಯಿಗಳು ಒಂದೊಂದೇ ಬಂದು ಉಂಡೆಗಳನ್ನು ಮೂಸತೊಡಗಿದವು. ಮರದ ಬುಡಕ್ಕೆ ಬಂದ ನಾಯಿಯನ್ನು ಫಲ್ಲಾ ಗದರಿ ಓಡಿಸಿದಳು. ಬಗ್ಗಿ ಉಂಡೆಯನ್ನು ಎತ್ತಿಕೊಂಡಳು.

"ಮುಟ್ಬೇಡ ಕಣೇ," ಅಜ್ಜಿ ಪೊರಕೆ ನಿಲ್ಲಿಸಿದಳು. "ಸತ್ತವರ ಅನ್ನ ಅದು."

"ನನ್ನ ಹೆಸರು ಕರೆದೇ ಹಾಕಿದ್ದು ಅಜ್ಜಿ," ಅಂದು ಫಲ್ಲಾ, ಅನ್ನಕ್ಕೆ ಮೆತ್ತಿದ ಮಣ್ಣಿನ ಕಣಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸತೊಡಗಿದಳು.