ಜೋಗುಳಕ್ಕೊಂದು ತಿಂಗಳು

ಗದಗಿನ ಒಂದು ಆಸ್ಪತ್ರೆಯಲ್ಲಿ ಈಗ ಯಂತ್ರದ ಬಾಗಿಲೇ ಒಳಬರುವವರ ಉಸಿರು ನೋಡಿ ರೋಗ ಹೇಳಿ, ಚಿಕಿತ್ಸೆಯನ್ನೂ ಬರೆಯುತ್ತಿತ್ತು. ಡಾಕ್ಟರ್ ನೀಲಾಂಬಿಕೆಗೆ ಉಳಿದದ್ದು ಸಹಿ ಮಾತ್ರ. ನಾಡಿ ಹಿಡಿದು ಮನೆಯ ಸುದ್ದಿ ಕೇಳುತ್ತಿದ್ದ ದಿನಗಳು ಅವಳಿಗೆ ಆಗಾಗ ನೆನಪಾಗುತ್ತಿದ್ದವು.

ಅಂದು ಭಜನೆ ಹಾಡುವ ಸಂಗನಬಸಪ್ಪಜ್ಜ ಬಂದರು. ಗಂಟಲಲ್ಲಿ ಕ್ಯಾನ್ಸರ್ ಗಂಟು, ನಾಳೆಯೇ ಧ್ವನಿಪೆಟ್ಟಿಗೆ ತೆಗೆಯಬೇಕು ಎಂದಿತು ಬಾಗಿಲು. ನೀಲಾಂಬಿಕೆ ಪೆನ್ನು ಕೆಳಗಿಟ್ಟು, ಬಹಳ ವರ್ಷಗಳ ಮೇಲೆ ರೋಗಿಯೊಬ್ಬರ ಮಣಿಕಟ್ಟು ಹಿಡಿದಳು.

“ಅಜ್ಜಾರ, ನಿಮ್ಮ ಮನಸಿನ್ಯಾಗ ಏನೈತ್ರಿ?”

“ಮೊಮ್ಮಗಳ ಹೆರಿಗಿ ಹತ್ರ ಬಂದೈತವ್ವಾ. ಕೂಸಿಗೆ ಒಂದ್ ಜೋಗುಳ ಹಾಡಿ ಬರ್ತೀನಿ.”

“ತಡಾ ಮಾಡಿದ್ರ ಅಪಾಯ ಸ್ವಲ್ಪ ಹೆಚ್ಚಾಗತೈತ್ರಿ. ಬಾಗಲಾ ಹೇಳೂದು ಖರೇನ ಐತಿ.”

“ಗೊತ್ತಾತು. ಆದ್ರೂ ಹಾಡ್ತೀನಿ.”

ಬಾಗಿಲು ಬರೆದ ‘ನಾಳೆ’ಯನ್ನು ‘ಒಂದು ತಿಂಗಳ ನಂತರ’ ಎಂದು ತಿದ್ದಿ ಅವಳು ಸಹಿ ಹಾಕಿದಳು.

ಹೇಳಿದ ದಿನಕ್ಕೇ ಅಜ್ಜ ಬಂದರು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಎಚ್ಚರವಾದ ಮೇಲೆ, ಮಾತಿಲ್ಲದ ಅವರು ಎರಡೂ ತೋಳು ಕೂಡಿಸಿ, ಕೂಸನ್ನು ತೂಗಿದ್ದು ಹೇಗೆಂದು ನೀಲಾಂಬಿಕೆಗೆ ತೋರಿಸಿದರು.